ಇಳಿಯುವ ದರ, ಏರುವ ಜನ: ಸಮಾಜ ವಿಜ್ಞಾನಕ್ಕೊಂದು ಲೆಕ್ಕದ ಹಾಳೆ

2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರ ಜನಗಣತಿಯಲ್ಲಿ ಅದು 25,66,326. ಈ ಎರಡು ಅಂಕಿಗಳನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಒಂದರ ಕೆಳಗೊಂದು ಬರೆದು, ಹತ್ತು ವರ್ಷದ ಬೆಳವಣಿಗೆ ಎಷ್ಟೆಂದು ಕೇಳಿದರೆ ಉತ್ತರ ತಕ್ಷಣ ಬರುತ್ತದೆ: ಶೇ 18ರಷ್ಟು ಇಳಿಕೆ. ಅದೇ ಜಿಲ್ಲೆಯ ರಾವೂರ ಎಂಬ ಊರಿನ ಒಂದು ಪ್ರೌಢಶಾಲೆಯ ತರಗತಿಯಲ್ಲಿ ಈ ಉತ್ತರ ಪರದೆಯ ಮೇಲೆ ಮೂಡಿತು ಅನ್ನೋಣ. ಯಾರಾದರೂ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನಮ್ಮ ಜಿಲ್ಲಾದಾಗಿನ ಐದೂವರಿ ಲಕ್ಷ ಮಂದಿ ಎಲ್ಲಿ ಹೋದ್ರೀ?" ಎಂದು ಕೇಳಬೇಕು. ಜನಸಂಖ್ಯೆಯ ಪಾಠ ಶುರುವಾಗುವುದು ಆ ಪ್ರಶ್ನೆಯಿಂದ.

ಮಂದಿ ಎಲ್ಲಿಗೂ ಹೋಗಿಲ್ಲ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರಲ್ಲಿ ಅಲ್ಲಿದ್ದವರು 11,74,271 ಜನ. ಎರಡೂ ಜಿಲ್ಲೆ ಕೂಡಿಸಿದರೆ 37,40,597. ಈಗ ಹೋಲಿಸಿದರೆ ಇಳಿಕೆಯ ಜಾಗದಲ್ಲಿ ಶೇ 19.5ರ ಏರಿಕೆ ಕಾಣುತ್ತದೆ. ಯಂತ್ರ ಮೊದಲು ಕೊಟ್ಟ ಲೆಕ್ಕವೂ ತಪ್ಪಾಗಿರಲಿಲ್ಲ. ಒಂದೇ ಹೆಸರಿನ ಎರಡು ಬೇರೆ ಬೇರೆ ಪ್ರದೇಶಗಳನ್ನು ನಾವು ಹೋಲಿಸಲು ಕೊಟ್ಟಿದ್ದೆವು. ಇದೇ ಗೊಂದಲ ಮುಂದಿನ ಜನಗಣತಿಯಲ್ಲಿ ಚಿತ್ತಾಪುರ ತಾಲ್ಲೂಕಿಗೆ ಕಾದಿದೆ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಶಹಾಬಾದ್ ಮತ್ತು ಕಾಳಗಿ ಇದ್ದವು. ಎರಡೂ ಊರು ಅದಕ್ಕೆ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿದ್ದಂಥವು. ಹೊಸ ಗಣತಿಯ ಅಂಕಿಯನ್ನು ಹಳೆಯದರ ಪಕ್ಕ ಹಾಗೆಯೇ ಇಟ್ಟರೆ ತಾಲ್ಲೂಕು ಕರಗಿಹೋದಂತೆ ಕಾಣುತ್ತದೆ. ಸಾಲದ್ದಕ್ಕೆ 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಗಿದೆ. ಹೆಸರು ಬದಲಾದರೆ ಯಂತ್ರದ ಪಾಲಿಗೆ ಅವು ಎರಡು ಜಿಲ್ಲೆ. ಒಂದೇ ಊರು ಎಂದು ಹೇಳಿಕೊಡಬೇಕಾದವರು ಮನುಷ್ಯರೇ.

ಸಮಾಜ ವಿಜ್ಞಾನದ ತರಗತಿಗೆ ಸ್ಪ್ರೆಡ್‌ಶೀಟು ಬರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕಾಗಿ. ಕೂಡಿ ಕಳೆಯುವ ಶ್ರಮ ತಪ್ಪುತ್ತದೆ ಎನ್ನುವುದು ಸಣ್ಣ ಲಾಭ. ದೊಡ್ಡ ಲಾಭವೆಂದರೆ, ಪುಸ್ತಕದಲ್ಲಿ ಅಚ್ಚಾಗಿ ತಣ್ಣಗೆ ಮಲಗಿದ ಅಂಕಿಗಳು ಮಕ್ಕಳ ಕೈಯಲ್ಲಿ ಅಲುಗಾಡತೊಡಗುತ್ತವೆ. ಯಾವ ಸಾಲು ಮಿಕ್ಕ ಸಾಲುಗಳ ಹಾಗೆ ನಡೆದುಕೊಳ್ಳುವುದಿಲ್ಲವೋ ಅಲ್ಲಿ ಕಣ್ಣು ನಿಲ್ಲುತ್ತದೆ. ಕಣ್ಣು ನಿಂತ ಕಡೆ ಇತಿಹಾಸವೋ ಭೂಗೋಳವೋ ಆಡಳಿತವೋ ಏನೋ ಒಂದು ಇದ್ದೇ ಇರುತ್ತದೆ.

ಕಂಪ್ಯೂಟರಿನ ಪರಿಚಯ ಕಡಿಮೆ ಇರುವವರಿಗೆ ಹೇಳುವುದಾದರೆ, ಸ್ಪ್ರೆಡ್‌ಶೀಟು ಎಂಬುದು ಚೌಕುಳಿ ಹಾಳೆ. ಎಕ್ಸೆಲ್ ಎಂದು ಎಲ್ಲರ ಬಾಯಲ್ಲಿರುವುದು ಅದರಲ್ಲೊಂದು. ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್ ಇನ್ನೊಂದು. ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಇದೆ. ಅಡ್ಡ ಸಾಲಿಗೆ ಅಂಕಿಯ ಗುರುತು, ಉದ್ದ ಕಾಲಮ್ಮಿಗೆ ಅಕ್ಷರದ ಗುರುತು. ಹಾಗಾಗಿ ಪ್ರತಿ ಮನೆಗೂ ಎ1, ಬಿ2 ಎಂಬ ವಿಳಾಸ. ಮನೆಯೊಳಗೆ ಅಂಕಿ ಬರೆಯಬಹುದು, ಇಲ್ಲವೇ 'ಆ ಮನೆಯಿಂದ ಈ ಮನೆಯನ್ನು ಕಳೆ' ಎಂಬ ಸೂತ್ರ ಬರೆಯಬಹುದು. ಸೂತ್ರವನ್ನು ಒಂದು ಸಲ ಬರೆದು ಮೂಲೆ ಹಿಡಿದು ಕೆಳಗೆ ಎಳೆದರೆ ಉಳಿದ ಸಾಲುಗಳ ಲೆಕ್ಕ ತಾನೇ ಆಗುತ್ತದೆ.

ರಾಜ್ಯದ ಅಂಕಿಗಳಿಂದ ಶುರುಮಾಡೋಣ. ಎ ಕಾಲಮ್ಮಿನಲ್ಲಿ 1901ರಿಂದ 2011ರವರೆಗೆ ಹನ್ನೆರಡು ಜನಗಣತಿಯ ವರ್ಷಗಳು. ಬಿ ಕಾಲಮ್ಮಿನಲ್ಲಿ ಕರ್ನಾಟಕದ ಜನಸಂಖ್ಯೆ: 1901ರಲ್ಲಿ 1,30,54,754, 1911ರಲ್ಲಿ 1,35,25,251, 1921ರಲ್ಲಿ 1,33,77,599, ಹೀಗೆ ಸಾಗಿ 2011ರಲ್ಲಿ 6,10,95,297. ಮಕ್ಕಳು ಬರೆಯುವಾಗ ಅಲ್ಪವಿರಾಮ ಹಾಕದಂತೆ ನೋಡಿಕೊಳ್ಳಬೇಕು. ನಮ್ಮ ಲಕ್ಷ ಕೋಟಿಯ ಅಲ್ಪವಿರಾಮ ಕಂಡರೆ ಎಷ್ಟೋ ಕಂಪ್ಯೂಟರುಗಳು ಅದನ್ನು ಅಂಕಿಯೆಂದು ಒಪ್ಪದೆ ಅಕ್ಷರದ ಹಾಗೆ ಎಡಕ್ಕೆ ಸರಿಸಿ ಇಡುತ್ತವೆ. ಆಮೇಲೆ ಯಾವ ಸೂತ್ರವೂ ಓಡುವುದಿಲ್ಲ, ಮಾಸ್ತರರೂ ಮಕ್ಕಳೂ ಕೂಡಿ ಕಂಗಾಲು. ಸಿ ಕಾಲಮ್ಮಿನಲ್ಲಿ ಹತ್ತು ವರ್ಷದಲ್ಲಿ ಎಷ್ಟು ಜನ ಹೆಚ್ಚಾದರು ಎಂಬುದು, ಅಂದರೆ ಬಿ3ರಿಂದ ಬಿ2 ಕಳೆದದ್ದು. ಡಿ ಕಾಲಮ್ಮಿನಲ್ಲಿ ಆ ಹೆಚ್ಚಳವನ್ನು ಬಿ2ರಿಂದ ಭಾಗಿಸಿ ನೂರರಿಂದ ಗುಣಿಸಿದ್ದು, ಅಂದರೆ ಶೇಕಡಾ ದರ. ಇಷ್ಟೇ. ಏಳನೇ ತರಗತಿಯ ಗಣಿತಕ್ಕಿಂತ ಹೆಚ್ಚಿನದು ಇದರಲ್ಲಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. 1901ರಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ರಾವೂರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳೂರು ಮದ್ರಾಸಿನಲ್ಲಿ. ಇಂದಿನ ಗಡಿಯೊಳಗೆ ಬರುವ ಊರುಗಳ ಅಂದಿನ ಜನರನ್ನೆಲ್ಲ ಕೂಡಿಸಿ ಆಮೇಲೆ ಮಾಡಿದ ಲೆಕ್ಕ ಇದು. 1956ರ ಏಕೀಕರಣದ ಪಾಠ ಮುಗಿಸಿದ ತರಗತಿಗೆ ಈ ಒಂದು ಸಾಲು ಇನ್ನಷ್ಟು ಹೇಳುತ್ತದೆ.

ಸೂತ್ರವನ್ನು ಕೆಳಗೆ ಎಳೆದಾಗ ಡಿ ಕಾಲಮ್ಮಿನಲ್ಲಿ ಒಂದೇ ಒಂದು ಕಡೆ ಋಣ ಚಿಹ್ನೆ ಬರುತ್ತದೆ. 1911ರಿಂದ 1921ರ ನಡುವೆ ಕರ್ನಾಟಕದ ಜನಸಂಖ್ಯೆ 1,47,652ರಷ್ಟು, ಶೇ 1.09ರಷ್ಟು ಕಡಿಮೆಯಾಗಿದೆ. ಇಡೀ ಭಾರತದಲ್ಲೂ ಆ ದಶಕದಲ್ಲಿ ಶೇ 0.31ರ ಇಳಿಕೆ. ಹೈದರಾಬಾದ್ ಸಂಸ್ಥಾನದ ಲೆಕ್ಕ ತೆಗೆದರೆ ಎದೆ ಧಸಕ್ಕೆನ್ನುತ್ತದೆ: 1911ರಲ್ಲಿ 1,33,74,676 ಇದ್ದದ್ದು 1921ಕ್ಕೆ 1,24,71,770. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಕಡಿಮೆ, ಶೇ 6.75ರ ಇಳಿಕೆ.

ಕಾರಣಗಳಲ್ಲಿ ದೊಡ್ಡದು 1918ರ ಇನ್‌ಫ್ಲುಯೆಂಜಾ. ಭಾರತದಲ್ಲಿ ಆ ಒಂದು ಜ್ವರಕ್ಕೆ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಹಸಿದ ಮೈಗೆ ಜ್ವರ ಬಂದರೆ ತಾಳುವುದು ಕಷ್ಟ. ಮುಂಬಯಿಯಲ್ಲಿ ಕಾಣಿಸಿಕೊಂಡ ಕಾಯಿಲೆ ರೈಲು ದಾರಿಗುಂಟ ಒಳನಾಡಿಗೆ ಹರಡಿತು. ರಾವೂರದ ಮಕ್ಕಳಿಗೆ ಇದನ್ನು ಹೇಳುವಾಗ ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿ ವಾಡಿ ಜಂಕ್ಷನ್ ಎಲ್ಲಿದೆ ಎಂದು ಕೇಳಬೇಕು. ಮುಂಬಯಿ–ಮದ್ರಾಸ್ ಮುಖ್ಯ ಮಾರ್ಗದ ಮೇಲಿರುವ ವಾಡಿಯಿಂದಲೇ ನಿಜಾಮರ ರೈಲು 1874ರಿಂದ ಸಿಕಂದರಾಬಾದಿಗೆ ಹೋಗುತ್ತಿತ್ತು. ಅಂಕಿ, ನಕ್ಷೆ ಮತ್ತು ದಿನಾ ಕೇಳುವ ರೈಲಿನ ಶಿಳ್ಳೆ ಒಂದೇ ಪಾಠದೊಳಗೆ ಬಂದವು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಇನ್ನೂ ಹಿಂದಕ್ಕೆ ಹೋಗಬಯಸುವವರು ಮೈಸೂರು ಸಂಸ್ಥಾನದ ಅಂಕಿ ಸೇರಿಸಬಹುದು: 1871ರಲ್ಲಿ 50,55,412, 1881ರಲ್ಲಿ 41,86,188. ನಡುವೆ ಧಾತು ಸಂವತ್ಸರದ ಬರ ಬಂದು ಹೋಗಿತ್ತು. ನೂರಕ್ಕೆ ಹದಿನೇಳು ಜನ ಲೆಕ್ಕದಿಂದ ಇಲ್ಲವಾಗಿದ್ದರು.

ಈಗ ಹಾಳೆಯ ಕೆಳಭಾಗಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಅಭ್ಯಾಸದ ತಿರುಳು ಇರುವುದು ಇಲ್ಲಿ.

1971ರಿಂದ 81ರ ನಡುವೆ ಕರ್ನಾಟಕದಲ್ಲಿ ಹೆಚ್ಚಾದವರು 78.37 ಲಕ್ಷ ಜನ. 1981ರಿಂದ 91ರ ನಡುವೆ 78.41 ಲಕ್ಷ. 1991ರಿಂದ 2001ರ ನಡುವೆ 78.73 ಲಕ್ಷ. ಮೂರು ದಶಕ, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಪಕ್ಕದ ಡಿ ಕಾಲಮ್ಮು ಬೇರೆಯೇ ಕಥೆ ಹೇಳುತ್ತದೆ: ಶೇ 26.75, ಶೇ 21.12, ಶೇ 17.51. ಮುಂದಿನ ದಶಕದಲ್ಲಿ ಹೆಚ್ಚಾದವರು ಇನ್ನೂ ಜಾಸ್ತಿ, 82.45 ಲಕ್ಷ, ದರ ಮಾತ್ರ ಶೇ 15.60ಕ್ಕೆ ಇಳಿದಿದೆ.

ಮಕ್ಕಳಷ್ಟೇ ಏಕೆ, ಪತ್ರಿಕೆ ಓದುವ ದೊಡ್ಡವರೂ ಮುಗ್ಗರಿಸುವ ಜಾಗ ಇದು. 'ಜನಸಂಖ್ಯೆ ಬೆಳವಣಿಗೆ ಇಳಿಕೆ' ಎಂಬ ತಲೆಬರಹ ಕಂಡು ಜನ ಕಡಿಮೆಯಾಗುತ್ತಿದ್ದಾರೆ ಎಂದುಕೊಳ್ಳುವವರಿದ್ದಾರೆ. 'ಹತ್ತು ವರ್ಷದಲ್ಲಿ 82 ಲಕ್ಷ ಏರಿಕೆ' ಎಂಬುದನ್ನು ಓದಿ ಕೈಮೀರಿ ಹೋಯಿತು ಎಂದು ಗಾಬರಿಯಾಗುವವರೂ ಇದ್ದಾರೆ. ಎರಡು ತಲೆಬರಹವೂ ಒಂದೇ ಹಾಳೆಯಿಂದ ಹುಟ್ಟಿದವು. ಸ್ವಸಹಾಯ ಸಂಘದ ಬಡ್ಡಿ ಲೆಕ್ಕ ಗೊತ್ತಿರುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಅಸಲು ದೊಡ್ಡದಾಗುತ್ತ ಹೋದಾಗ ಬಡ್ಡಿ ದರ ಇಳಿದರೂ ಬಡ್ಡಿಯ ಮೊತ್ತ ಅಷ್ಟೇ ಇರಬಹುದು, ಹೆಚ್ಚೂ ಆಗಬಹುದು. 1971ರ ಅಸಲು 2.93 ಕೋಟಿ, 2001ರದು 5.28 ಕೋಟಿ.

ಇದೇ ಅಂಕಿಗಳಿಂದ ಗೆರೆಚಿತ್ರ ಬರೆಸಿದರೆ 1971ರ ನಂತರದ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. 'ಜನಸಂಖ್ಯಾ ಸ್ಫೋಟ' ಎಂದು ಕೇಳಿ ಕೇಳಿ ಬೆಳೆದ ಮಕ್ಕಳು ಗೆರೆ ಆಕಾಶಕ್ಕೆ ಚಿಮ್ಮುತ್ತದೆ ಎಂದು ಕಾಯುತ್ತಾರೆ. ಚಿಮ್ಮುವುದಿಲ್ಲ. ಚಿಮ್ಮಿದ್ದರೆ ಹೇಗಿರುತ್ತಿತ್ತು ಎಂಬುದನ್ನೂ ಅದೇ ಹಾಳೆಯಲ್ಲಿ ಮಾಡಿ ತೋರಿಸಬಹುದು. 1981ರಲ್ಲಿ ಕೂತ ಒಬ್ಬ ಅಧಿಕಾರಿ, ಶೇ 26.75ರ ದರ ಹೀಗೇ ಮುಂದುವರಿಯುತ್ತದೆ ಎಂದು ನಂಬಿ ಸೂತ್ರವನ್ನು ಕೆಳಗೆ ಎಳೆದಿದ್ದರೆ, 2011ರಲ್ಲಿ ಕರ್ನಾಟಕದಲ್ಲಿ 7.56 ಕೋಟಿ ಜನ ಇರಬೇಕಾಗಿತ್ತು. ಇದ್ದವರು 6.11 ಕೋಟಿ. ವ್ಯತ್ಯಾಸ ಸುಮಾರು 1.45 ಕೋಟಿ, ಅಂದರೆ 1901ರಲ್ಲಿ ಇಡೀ ರಾಜ್ಯದಲ್ಲಿದ್ದ ಜನರಿಗಿಂತ ಹೆಚ್ಚು. ಸೂತ್ರ ಎಳೆಯುವುದು ಎಷ್ಟು ಸಲೀಸೋ ಅದನ್ನು ನಂಬಿ ಮೋಸಹೋಗುವುದೂ ಅಷ್ಟೇ ಸಲೀಸು. ಮುಂದಿನ ಐವತ್ತು ವರ್ಷದ ಭವಿಷ್ಯ ಹೇಳುವ ಯಾವ ಚಿತ್ರ ಕಂಡರೂ 'ದರ ಏನೆಂದು ಹಿಡಿದಿದ್ದಾರೆ?' ಎಂದು ಕೇಳುವ ಅಭ್ಯಾಸ ಹತ್ತನೇ ತರಗತಿಯೊಳಗೆ ಹತ್ತಬೇಕು.

ದರ ಯಾಕೆ ಏರಿತು, ಯಾಕೆ ಇಳಿಯಿತು ಎಂಬುದಕ್ಕೆ ಇನ್ನೊಂದು ಚಿಕ್ಕ ಪಟ್ಟಿ ಸಾಕು. ಭಾರತದಲ್ಲಿ 1941ರಿಂದ 51ರ ದಶಕದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಸುಮಾರು 40 ಹುಟ್ಟು, 27 ಸಾವು. 1971ರಲ್ಲಿ 36.9 ಹುಟ್ಟು, 14.9 ಸಾವು. 2011ರಲ್ಲಿ 21.8 ಹುಟ್ಟು, 7.1 ಸಾವು. ಎರಡರ ನಡುವಿನ ಅಂತರ ಮೊದಲು 13ರ ಆಸುಪಾಸು, ಆಮೇಲೆ 22, ಆಮೇಲೆ 15ಕ್ಕೂ ಸ್ವಲ್ಪ ಕಡಿಮೆ. ಈ ಪಟ್ಟಿಯಲ್ಲಿ ಹುಟ್ಟಿನ ದರ ಎಲ್ಲೂ ಏರಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ಸಾವು ಮೊದಲು ಇಳಿಯಿತು: ಸಿಡುಬು ಹೋಯಿತು, ಮಲೇರಿಯಾ ತಗ್ಗಿತು, ಬರದಲ್ಲಿ ಕಾಳು ಸಿಕ್ಕಿತು, ಮಕ್ಕಳು ಬದುಕಿದರು. ಹುಟ್ಟು ನಿಧಾನವಾಗಿ ಹಿಂದಿನಿಂದ ಇಳಿಯಿತು. ನಡುವಿನ ಆ ಕಾಲಾವಕಾಶದಲ್ಲಿ ಜನ ಹೆಚ್ಚಿದರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಗೈಡುಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ 'ಜನಸಂಖ್ಯೆ ಹೆಚ್ಚಳಕ್ಕೆ ಕಾರಣಗಳು' ಎಂದರೆ ಅನಕ್ಷರತೆ, ಬಡತನ, ಮೂಢನಂಬಿಕೆ, ಗಂಡು ಮಗುವಿನ ಆಸೆ ಎಂದು ಬಾಯಿಪಾಠ ಮಾಡಿಸುತ್ತಾರೆ. ಕಲ್ಲು ಗಣಿಯಲ್ಲಿ ದುಡಿಯುವ ಅಪ್ಪ, ಕೂಲಿಗೆ ಹೋಗುವ ಅವ್ವ, ನಾಲ್ಕೈದು ಮಕ್ಕಳಿರುವ ಮನೆಯ ಹುಡುಗ ಆ ಉತ್ತರ ಬರೆಯುವಾಗ ದೇಶದ ಸಮಸ್ಯೆ ತನ್ನ ಮನೆಯೇ ಎಂದು ಬರೆಯುತ್ತಾನೆ. ಇದು ಅನ್ಯಾಯ, ಲೆಕ್ಕದ ಪ್ರಕಾರ ಅರೆಬರೆಯ ಮಾತು ಕೂಡ. ಬಡತನ, ಅನಕ್ಷರತೆ 1901ರಲ್ಲಿ ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದವು. ಆಗ ಜನಸಂಖ್ಯೆ ತೆವಳುತ್ತಿತ್ತು. ಹೆಣ್ಣುಮಕ್ಕಳ ಓದಿಗೂ ಮನೆಯಲ್ಲಿನ ಮಕ್ಕಳ ಸಂಖ್ಯೆಗೂ ಸಂಬಂಧ ಇರುವುದು ನಿಜ, ಅದನ್ನು ಕಲಿಸಲೂಬೇಕು. ಆದರೆ ಜನ ಹೆಚ್ಚಿದ್ದು ಮೊದಲಿಗೆ ಸಾಯುವುದು ಕಡಿಮೆಯಾದ್ದರಿಂದ ಎಂಬ ಸಂತೋಷದ ಸಂಗತಿಯನ್ನು ಮುಚ್ಚಿಟ್ಟು ಅಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಇನ್ನೊಂದು ತಲೆಮಾರು ತುಂಬಲು ಬೇಕಾದದ್ದು ಸುಮಾರು 2.1. ಹಾಗಿದ್ದರೂ ಇನ್ನು ಕೆಲವು ವರ್ಷ ಜನ ಹೆಚ್ಚುತ್ತಲೇ ಇರುತ್ತಾರೆ, ಏಕೆಂದರೆ ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಗುಂಪು ಈಗ ತಾಯಿತಂದೆಯರಾಗುವ ವಯಸ್ಸಿನಲ್ಲಿದೆ.

ಹುಟ್ಟು ಸಾವಿನ ಲೆಕ್ಕ ದೇಶಕ್ಕೆ ಸಾಕಾಗಬಹುದು. ರಾವೂರಕ್ಕೆ ಸಾಲದು. ಊರಿನ ಜನಸಂಖ್ಯೆಯ ಹಾಳೆಯಲ್ಲಿ ಇನ್ನೆರಡು ಕಾಲಂ ಬೇಕು: ಬಂದವರು, ಹೋದವರು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂದಾಗ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ಸೇಡಂ, ಮಳಖೇಡ ಸುತ್ತ ಆದದ್ದೂ ಅದೇ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನಿಂತಾಗ ಕೆಲಸ ಹೋದವರು ಬೇರೆ ದಾರಿ ಹುಡುಕಿದರು. ಪರ್ಸಿ ಕಲ್ಲಿನ ಕೆಲಸ ಇದ್ದಾಗ ಊರು ತುಂಬಿರುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೊರಡುವವರು ಹೊರಡುತ್ತಾರೆ. ಜನಗಣತಿ ನಡೆಯುವುದು ಸರಿಯಾಗಿ ಆ ಹೊತ್ತಿಗೆ: 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಸಿದರು. ಎಣಿಕೆಯ ಅವಧಿ ಪೂರ್ತಿ ಊರಲ್ಲಿಲ್ಲದವರನ್ನು ಅವರು ಇದ್ದಲ್ಲೇ ಎಣಿಸಬೇಕೆಂಬುದು ನಿಯಮ. ಬೆಂಗಳೂರಿನ ಕಟ್ಟಡದ ಬುಡದಲ್ಲಿನ ತಗಡಿನ ಶೆಡ್ಡಿನಲ್ಲಿರುವ ಕುಟುಂಬ ಆಗ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ, ತಾಂಡಾದ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಮಳೆಗಾಲಕ್ಕೆ ಅವರು ಊರಿಗೆ ಬಂದಾಗ ರೇಷನ್ನು, ಅಂಗನವಾಡಿ, ನೀರು ಬೇಕಾಗುವುದು ಇಲ್ಲೇ.

ಈ ಪಾಠಕ್ಕೆ ಬೇಕಾದ ಅಂಕಿ ದೂರದಲ್ಲಿಲ್ಲ. 2011ರ ಜನಗಣತಿಯ ಪಟ್ಟಿಯಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು ಇದೆ: ಮನೆಗಳು, ಗಂಡಸರು, ಹೆಂಗಸರು, ಸೊನ್ನೆಯಿಂದ ಆರು ವರ್ಷದ ಮಕ್ಕಳು, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕೂಲಿಗಳು, ವರ್ಷಕ್ಕೆ ಆರು ತಿಂಗಳೂ ಕೆಲಸ ಸಿಗದವರು. ಗಣತಿ ಇಲಾಖೆಯ ಜಾಲತಾಣದಿಂದ ಇದನ್ನು ಎಕ್ಸೆಲ್ ರೂಪದಲ್ಲೇ ಇಳಿಸಿಕೊಳ್ಳಬಹುದು. ರಾವೂರದ ಸಾಲನ್ನು ಅಕ್ಕಪಕ್ಕದ ಹತ್ತು ಹಳ್ಳಿಯ ಸಾಲಿನೊಂದಿಗೆ ಇಟ್ಟು, ಸಾವಿರ ಗಂಡಸರಿಗೆ ಎಷ್ಟು ಹೆಂಗಸರು, ನೂರಕ್ಕೆ ಎಷ್ಟು ಜನ ಹೊಲದ ಕೂಲಿ, ಎಷ್ಟು ಜನ ಗಣಿ ಕಾರ್ಖಾನೆಯಂಥ ಬೇರೆ ಕೆಲಸ ಎಂದು ಮಕ್ಕಳಿಂದಲೇ ತೆಗೆಸಬೇಕು. ಮಕ್ಕಳು ಮನೆಮನೆಗೆ ಹೋಗಿ ವಿವರ ತಂದರೆ ಒಂದು ಕಟ್ಟುನಿಟ್ಟು ಇರಲಿ: ಹಾಳೆಯಲ್ಲಿ ಯಾರ ಹೆಸರೂ ಬೇಡ, ಸಂಖ್ಯೆ ಮಾತ್ರ. ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದು ಪರದೆಯ ಮೇಲೆ ಬಂದು ತರಗತಿಯಲ್ಲಿ ಒಬ್ಬರು ತಲೆತಗ್ಗಿಸುವಂತೆ ಆಗಬಾರದು.

ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2011ರಿಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ (ಆರ್‌ಎಂಎಸ್‌ಎ), ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಚಿತ ತಂತ್ರಾಂಶ ಬಳಸಿ ಪಾಠ ಕಟ್ಟುವುದನ್ನು ಕಲಿತರು. ಅದರ ಫಲವಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಕನ್ನಡದ ಭಂಡಾರವೇ ಬೆಳೆಯಿತು. ಸಮಾಜ ವಿಜ್ಞಾನದವರಿಗೆ ಲೆಕ್ಕ ಯಾಕೆ ಎಂಬ ಹಿಂಜರಿಕೆ ಎಷ್ಟೋ ಕಡೆ ಈಗಲೂ ಇದೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ಗಣಿತದವರ ಹತ್ತಿರವೇ ಇರುವುದನ್ನೂ ಕಾಣುತ್ತೇವೆ. ಗಣಿತದವರೂ ಸಮಾಜದವರೂ ಒಂದೇ ಪೀರಿಯಡ್ಡಿನಲ್ಲಿ ಕೂಡಿ ನಿಂತರೆ ಈ ಪಾಠ ಇನ್ನೂ ಚೆನ್ನಾಗಿ ಆಗುತ್ತದೆ. ಇರುವುದು ಒಂದೇ ಕಂಪ್ಯೂಟರ್ ಆದರೆ ಮೊದಲ ಎರಡು ಸಾಲಿನ ಲೆಕ್ಕವನ್ನು ಎಲ್ಲರೂ ಚೌಕುಳಿ ನೋಟ್‌ಬುಕ್ಕಿನಲ್ಲಿ ಕೈಯಾರೆ ಮಾಡಲಿ. ಮೂರನೆಯ ಸಾಲಿನಿಂದ ಯಂತ್ರ ಮಾಡಲಿ. ಸೂತ್ರದೊಳಗೆ ಏನು ನಡೆಯುತ್ತಿದೆ ಎಂದು ಕೈಗೆ ಗೊತ್ತಿಲ್ಲದ ಮಗು ಯಂತ್ರ ಕೊಟ್ಟದ್ದನ್ನೆಲ್ಲ ನಂಬುತ್ತದೆ. ಕರೆಂಟು ಹೋದ ದಿನವೂ ನೋಟ್‌ಬುಕ್ಕು ಇರುತ್ತದೆ.

ಇದಕ್ಕೆಲ್ಲ ಈಗ ಅವಸರವೂ ಇದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾದಿಂದ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಂತೆ ಹೊಸ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಹಾಳೆಯಲ್ಲಿ ಹದಿಮೂರನೆಯ ಗಣತಿಯ ಸಾಲಿಗೆ ಹತ್ತರ ಬದಲು ಹದಿನಾರು ವರ್ಷದ ಅಂತರ ಬರುತ್ತದೆ. ದಶಕದ ದರ ತೆಗೆಯುವ ಸೂತ್ರವನ್ನು ಹಾಗೇ ಕೆಳಗೆ ಎಳೆದರೆ ಬರುವ ಉತ್ತರ ಹಿಂದಿನವುಗಳ ಜೊತೆ ಹೋಲಿಕೆಗೆ ಬಾರದು. ಎಲ್ಲವನ್ನೂ ವಾರ್ಷಿಕ ದರಕ್ಕೆ ತಂದುಕೊಳ್ಳಬೇಕು. ಹತ್ತು ವರ್ಷಕ್ಕೆ ಶೇ 15.60 ಎಂದರೆ ವರ್ಷಕ್ಕೆ ಶೇ 1.56 ಆಗುವುದಿಲ್ಲ, ಚಕ್ರಬಡ್ಡಿಯ ಲೆಕ್ಕದಲ್ಲಿ ಶೇ 1.46 ಆಗುತ್ತದೆ ಎಂಬುದನ್ನು ಗಣಿತದವರ ಸಹಾಯದಿಂದ ಈಗಲೇ ಮಾಡಿಸಿಡಬೇಕು. ಅವಸರಕ್ಕೆ ಇನ್ನೊಂದು ಕಾರಣವೂ ಇದೆ. 1976ರ ಸಂವಿಧಾನದ 42ನೇ ತಿದ್ದುಪಡಿ ಲೋಕಸಭೆಯಲ್ಲಿ ರಾಜ್ಯಗಳ ಸ್ಥಾನಗಳನ್ನು 1971ರ ಜನಸಂಖ್ಯೆಗೆ ಕಟ್ಟಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ದಕ್ಷಿಣದ ರಾಜ್ಯಗಳ ದರ ಇಳಿದದ್ದು ಸ್ಥಾನ ಹಂಚಿಕೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಇಂದಿನ ವಿದ್ಯಾರ್ಥಿಗಳು ಮತ ಹಾಕುವ ವಯಸ್ಸಿಗೆ ಬರುವ ಹೊತ್ತಿಗೂ ಬರುತ್ತಿರುತ್ತದೆ.

ಎಣಿಸಲು ಮನೆಮನೆಗೆ ಹೋಗುವವರಲ್ಲಿ ಬಹುಪಾಲು ನಮ್ಮ ಶಾಲೆಗಳ ಮಾಸ್ತರರು, ಟೀಚರುಗಳೇ; ಈ ಸಲ ಕೈಯಲ್ಲಿ ಮೊಬೈಲ್ ಹಿಡಿದು ಹೋಗುತ್ತಾರೆ. ಹೋಗುವ ಮುಂಚೆ ತಮ್ಮ ತರಗತಿಯಲ್ಲಿ ಒಂದು ಹಾಳೆ ಮಾಡಿಸಲಿ. ಓಣಿ ಓಣಿಗೆ, ತಾಂಡಾ ತಾಂಡಾಕ್ಕೆ ಒಂದೊಂದು ಸಾಲು. ಫೆಬ್ರುವರಿಯಲ್ಲಿ ಬೀಗ ಬೀಳುವ ಮನೆಗಳು ಎಷ್ಟು, ಅವರು ಯಾವ ಊರಿಗೆ ಹೋಗುತ್ತಾರೆ, ಯಾವ ತಿಂಗಳು ತಿರುಗಿ ಬರುತ್ತಾರೆ ಎಂಬ ಮೂರು ಕಾಲಂ. ಮಕ್ಕಳಿಗೆ ಇದು ಬಾಯಿಯಲ್ಲೇ ಗೊತ್ತಿರುತ್ತದೆ, ಏಕೆಂದರೆ ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಗೈರಾಗುವವರು ಅವರ ಪಕ್ಕದಲ್ಲೇ ಕೂರುವವರು. ಗಣತಿಯ ಅಂಕಿ ಹೊರಬಂದಾಗ ರಾವೂರದ ಸಾಲಿನ ಪಕ್ಕ ಈ ಹಾಳೆಯನ್ನು ಇಟ್ಟುಕೊಂಡು, ಮಳೆಗಾಲದಲ್ಲಿ ಊರಿಗೆ ಎಷ್ಟು ನೀರು, ಎಷ್ಟು ರೇಷನ್ನು, ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿಗೆ ಜಾಗ ಬೇಕು ಎಂದು ಗ್ರಾಮ ಪಂಚಾಯಿತಿಗೆ ಬರೆದು ಕೊಡಬಹುದು.